ಟವಲಿನೊಳಗೆ ಮಾರಿದ ಕಥೆ

ಹೋದ ವಾರ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಶಿಡ್ಲಘಟ್ಟ ಸಮೀಪಿಸುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವಾಗ ಒಳಗಿನ ಹುಳು ಬೆಂದು ಏಳುವ ವಾಸನೆ. ಬಸ್ಸಿನಲ್ಲಿದ್ದ ಪರಸ್ಥಳದವರೆಲ್ಲ ಮೂಗಿಗೆ ಕರ್ಚೀಫು ಹಿಡಿದರು. ನಾನು ಹಿಡಿಯಲಿಲ್ಲ. ಇದರಲ್ಲಿ ನನ್ನ ದೊಡ್ಡಸ್ತಿಕೆಯೇನೂ ಇಲ್ಲ. ಅದು ನನ್ನ ಮಟ್ಟಿಗೆ ಹುಳುವಿನ ವಾಸನೆಯಲ್ಲ, ನಮ್ಮ ಪಿಳ್ಳಪ್ಪ ಮಾವನ ಹೆಗಲ ಮೇಲಿನ ಟವಲಿನ ವಾಸನೆ. ಆ ಟವಲಿನೊಳಗೆ ನಾನು ಬರೆದ ಏಕೈಕ ಸಿನಿಮಾ ಕಥೆ ಮಾರಾಟವಾಯಿತು. ಅಥವಾ ಆಗಲಿಲ್ಲ. ಈ ವಿಷಯದಲ್ಲಿ ನನಗೆ ಇಂದಿಗೂ ಖಚಿತವಾದ ಅಭಿಪ್ರಾಯವಿಲ್ಲ.

ಮೊದಲ ಸಲ ಚಿತ್ರಕಥೆ ಬರೆದವನು ಅದನ್ನು ಮಾರುವುದು ಹೇಗೆ ಎಂದು ಕೇಳುವ ತರುಣರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ದಾರಿದೀಪವಾಗಲೆಂದೇ ಈ ಬರಹ ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ಓದುಗ ಮಹಾಶಯರೇ, ದೀಪ ಹಿಡಿದವನಿಗೇ ತಾನು ಎಲ್ಲಿದ್ದೇನೆಂದು ತಿಳಿಯದಿದ್ದರೆ ಹಿಂದೆ ಬರುವವರ ಗತಿಯೇನು? ಆದ್ದರಿಂದ ಜೊತೆಯಲ್ಲಿ ನಡೆಯೋಣ. ದಾರಿ ತಪ್ಪಿದರೆ ಇಬ್ಬರೂ ತಪ್ಪೋಣ.

ಇದು ಐವತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ನಮ್ಮದು ಮೇಲೂರು. ಮನೆಯಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕಣೆ. ನಾನು ಚಿಕ್ಕಬಳ್ಳಾಪುರದಲ್ಲಿ ಓದು ಮುಗಿಸಿ, ಮನೆಗೆ ಬಂದು, ಹುಳಕ್ಕೆ ಸೊಪ್ಪು ಹಾಕುವುದನ್ನು ಬಿಟ್ಟು ಸಿನಿಮಾ ಕಥೆ ಬರೆದೆ. ಚಿತ್ರಕಥೆ ಎಂದರೆ ಹೇಗಿರುತ್ತದೆಂದು ನಾನು ಕಂಡವನಲ್ಲ. ನಮ್ಮ ಸುತ್ತಿನಲ್ಲಿ ಯಾರೂ ಕಂಡವರಲ್ಲ. ನಾಟಕದ ಪುಸ್ತಕ ಮಾತ್ರ ಕಂಡಿದ್ದೆ. ಹೀಗಾಗಿ ನನ್ನ ಚಿತ್ರಕಥೆಯಲ್ಲಿ ಪ್ರತಿ ದೃಶ್ಯಕ್ಕೂ ಪರದೆ ಏಳುತ್ತಿತ್ತು, ಪ್ರತಿ ದೃಶ್ಯಕ್ಕೂ ಪರದೆ ಬೀಳುತ್ತಿತ್ತು. ಸಿನಿಮಾ ಎನಿಸಲಿ ಎಂದು ಅಲ್ಲಲ್ಲಿ ‘ಕ್ಯಾಮೆರಾ ಅಂಬಾಜಿದುರ್ಗವನ್ನು ಹತ್ತುತ್ತದೆ’ ಎಂಬಂಥ ವಾಕ್ಯಗಳನ್ನು ಸೇರಿಸಿದ್ದೆ. ಅಪ್ಪ ಒಂದು ಮಧ್ಯಾಹ್ನ ಅದನ್ನು ಓದಿಸಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಾ ಅಂದರು:

“ಕ್ಯಾಮೆರಾ ತಾನಾಗೇ ಹತ್ತುತ್ತೇನೋ?”

“ಇಲ್ಲಪ್ಪ, ಹೊತ್ಕೊಂಡು ಹತ್ತುತಾರೆ.”

“ಹಾಗಾದ್ರೆ ಹೊರೋರ ಹೆಸರೂ ಬರಿ. ಪಾಪ, ಬೆಟ್ಟ ಕಡಿದಾಗಿದೆ.”

ಕಥೆ ಹೀಗಿತ್ತು. ಕಮಲಿ ಎಂಬ ಹುಡುಗಿ. ಅವಳ ತಂದೆ ಒಂದು ಸಣ್ಣ ಊರಿನ ಸ್ಟೇಷನ್ ಮಾಸ್ತರು. ಒಬ್ಬ ತರುಣ ರೈಲಿನಿಂದಿಳಿದು ನೀರು ಕೇಳುತ್ತಾನೆ, ಕುಡಿಯುತ್ತಾನೆ, ಮತ್ತೆ ಬರುತ್ತೇನೆಂದು ಮಾತು ಕೊಟ್ಟು ಹೋಗುತ್ತಾನೆ. ಕಮಲಿ ದಿನಾ ಸಂಜೆ ಕಂದೀಲು ಹಿಡಿದು ಸ್ಟೇಷನ್ನಿನಲ್ಲಿ ಕಾಯುತ್ತಾಳೆ. ಕಾದು ಕಾದು ಕೆಮ್ಮು ಹಿಡಿಯುತ್ತದೆ. ಆ ಕಾಲದ ಕಥೆಗಳಲ್ಲಿ ನಾಯಕಿಗೆ ಕೆಮ್ಮು ಬಂತೆಂದರೆ ಕಷಾಯಕ್ಕೆ ಇಳಿಯುವ ಕೆಮ್ಮಲ್ಲ. ತರುಣ ಕೊನೆಗೂ ರೈಲಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಕಂದೀಲು ಆರುತ್ತದೆ. ಇಲ್ಲಿ ಕಂದೀಲು ಎಂದರೆ ಕಮಲಿ ಎಂದು ಪಕ್ಕದಲ್ಲೇ ಬರೆದಿದ್ದೆ, ನಿರ್ದೇಶಕರಿಗೆ ಹೊಳೆಯದೆ ಹೋದೀತೆಂದು.

ಪ್ರತಿಗಳನ್ನು ಮದರಾಸಿನ ಚಿತ್ರ ಕಂಪೆನಿಗಳಿಗೆ ಅಂಚೆಯಲ್ಲಿ ಕಳಿಸಿದೆ. ವಿಳಾಸ ಸರಿಯಾಗಿ ಗೊತ್ತಿಲ್ಲದಿದ್ದುದರಿಂದ ಕಂಪೆನಿಯ ಹೆಸರು ಬರೆದು, ಕೆಳಗೆ ‘ಮದರಾಸು’ ಎಂದು ಬರೆದು, ಅಡಿಗೆರೆ ಎಳೆದೆ. ಅಡಿಗೆರೆ ಎಳೆದರೆ ಅಂಚೆಯವರಿಗೆ ದಾರಿ ಸ್ಪಷ್ಟವಾಗುತ್ತದೆಂದು ನಂಬಿದ್ದೆ. ಬಹಳ ದಿನಗಳ ಮೇಲೆ ಒಂದೇ ಒಂದು ಉತ್ತರ ಬಂತು. ‘ನಿಮ್ಮ ಎತ್ತರ, ತೂಕ ತಿಳಿಸಿ, ಭಾವಚಿತ್ರ ಕಳುಹಿಸಿ’ ಎಂದಿತ್ತು. ನನ್ನ ಕಥೆ ಓದಿದವರಿಗೆ ನನ್ನ ತೂಕವೇಕೆ ಬೇಕಾಯಿತೆಂದು ಆಗ ತಿಳಿಯಲಿಲ್ಲ. ತೂಕವನ್ನೇನೋ ತಿಳಿಸಿದೆ. ಆಮೇಲೆ ಮದರಾಸು ಮೌನವಾಯಿತು.

ಅಪ್ಪನಿಗೆ ನನ್ನನ್ನು ಮೇಷ್ಟ್ರ ಟ್ರೈನಿಂಗಿಗೆ ಕಳಿಸುವ ಮನಸ್ಸು. ಬೈಯುವ ಜಾಯಮಾನ ಅವರದಲ್ಲ. ಜಗಲಿಯ ಮೇಲೆ ಕೂತು ನ್ಯಾಯ ಹೇಳುವವರ ಹಾಗೆ ಹೇಳಿದರು: “ನೋಡಪ್ಪ, ಬೆಳೆದಿದ್ದನ್ನ ಕೊಳ್ಳೋನು ಒಬ್ಬ ಬೇಕು. ಕೊಳ್ಳೋನಿಲ್ಲ ಅಂದ್ರೆ ಅದು ಬೆಳೆ ಅಲ್ಲ, ಕಳೆ. ಯುಗಾದಿ ಹೊತ್ಗೆ ನಿನ್ನ ಕಥೆನ ಒಬ್ಬನಾದ್ರೂ ಕೊಂಡ್ಕೊಳ್ಲಿ, ಆಮೇಲೆ ನಾನು ಬಾಯಿ ಬಿಡಲ್ಲ. ನೀನಾಯ್ತು, ನಿನ್ನ ಮದರಾಸಾಯ್ತು. ಇಲ್ಲಾಂದ್ರೆ ಟ್ರೈನಿಂಗಿಗೆ ಹೋಗ್ಬೇಕು.”

ಮೇಷ್ಟ್ರಾಗುವುದೆಂದರೆ ಆಗ ನನಗೆ ಕಮಲಿಯ ಕೆಮ್ಮಿಗಿಂತ ಭಯಂಕರವಾಗಿ ಕಾಣುತ್ತಿತ್ತು. ಯುಗಾದಿಗೆ ಹೆಚ್ಚು ದಿನವೂ ಇರಲಿಲ್ಲ. ಆಗ ನೆನಪಾದವನೇ ಪಿಳ್ಳಪ್ಪ ಮಾವ, ನಮ್ಮಮ್ಮನ ತಮ್ಮ, ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ದಲ್ಲಾಳಿ. ರೈತ ಕೊಡುವುದನ್ನು ನೂಲು ತೆಗೆಯುವವನಿಗೆ ಕೊಡಿಸುವುದು ಅವನ ಕಸುಬು. ಹೋಗಿ ಕಷ್ಟ ಹೇಳಿಕೊಂಡೆ.

“ಅಷ್ಟೇನಾ? ಗೂಡಾದ್ರೇನು, ಕಥೆಯಾದ್ರೇನು, ಮಾಲು ಮಾಲೇ ಕಣಪ್ಪ. ಚಿಂತಾಮಣಿ ಟೆಂಟು ವೆಂಕಟರೋಣಪ್ಪ ನಂಗೆ ಗೊತ್ತಿರೋರು. ಹೋಗಣ ನಡಿ” ಅಂದ.

ವೆಂಕಟರೋಣಪ್ಪ ಟೂರಿಂಗ್ ಟಾಕೀಸಿನ ಯಜಮಾನರು. ಒಂದು ಊರಿನಲ್ಲಿ ಕೆಲವು ತಿಂಗಳು ಟೆಂಟು ಹಾಕಿ, ಆಮೇಲೆ ಕಿತ್ತು ಇನ್ನೊಂದು ಊರಿಗೆ ಹೋಗುವವರು. ಮದರಾಸಿನಿಂದ ಫಿಲಂ ತರಿಸುವವರಾದ್ದರಿಂದ ಮದರಾಸಿನವರೆಲ್ಲ ಅವರ ಜೇಬಿನಲ್ಲಿರುತ್ತಾರೆಂದು ನಮ್ಮಿಬ್ಬರ ಲೆಕ್ಕ. ನಾವು ಹೋದಾಗ ಅವರು ಖಾಲಿ ಟೆಂಟಿನೊಳಗೆ, ಮರಳಿನ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಒಂದು ಮಾತು ಕನ್ನಡ, ಒಂದು ಮಾತು ತೆಲುಗು, ಎರಡರ ನಡುವೆ ಎಲೆ ಅಡಿಕೆ.

ಮಾವ ಪೀಠಿಕೆ ಹಾಕಿದ: “ನಮ್ಮಕ್ಕನ ಮಗ. ಸಿನಿಮಾದಲ್ಲಿ ಇವನಿಗೊಂದು ದಾರಿ ಆಗ್ಲಿ ಅಂತ ತಮ್ಮ ಹತ್ರ ಬಂದಿದೀವಿ.”

ವೆಂಕಟರೋಣಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನಪ್ಪಾ ನಿನ್ನ ಕಥೆ? ಚೆಪ್ಪು” ಅಂದರು.

ಓದುಗರೇ, ನಮ್ಮ ಕಡೆ ‘ಏನು ನಿನ್ನ ಕಥೆ’ ಎಂದರೆ ನಿನ್ನ ಯೋಗಕ್ಷೇಮವೇನು, ಸಮಾಚಾರವೇನು ಎಂದರ್ಥ. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೆ ಬಗಲಲ್ಲಿ ಚಿತ್ರಕಥೆ ಇಟ್ಟುಕೊಂಡು ಯುಗಾದಿಗೆ ಹೆದರಿ ಕೂತವನಿಗೆ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ನಾನು ಕಣ್ಣು ಮುಚ್ಚಿ ಶುರು ಮಾಡಿದೆ: “ಕಮಲಿ ಅಂತ ಒಬ್ಬ ಹುಡುಗಿ ಯಜಮಾನ್ರೇ…”

ಚೆನ್ನಾಗಿಯೇ ಹೇಳಿದೆನೆಂದು ಕಾಣುತ್ತದೆ. ತರುಣ ನೀರು ಕುಡಿದು ಹೋದಾಗ ಅವರು ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದರು. ಕೆಮ್ಮಿನ ಹತ್ತಿರ ಬಂದಾಗ ಕೈ ಎತ್ತಿ ತಡೆದರು.

“ಸಾಕಪ್ಪಾ, ಕೇಳಕ್ಕಾಗಲ್ಲ. ಈಗ ಎಲ್ಲಿದ್ದಾಳೆ ಮಗು?”

ಕಥೆಯ ಯಾವ ಘಟ್ಟದಲ್ಲಿದ್ದೇವೆಂದು ಕೇಳುತ್ತಿದ್ದಾರೆಂದು ತಿಳಿದೆ. “ಇನ್ನೂ ಸ್ಟೇಷನ್ನಲ್ಲೇ ಕಾಯ್ತಾ ಇದ್ದಾಳೆ.”

“ಅಯ್ಯೋ ಪಾಪಮು” ಎಂದು ನನ್ನ ಬೆನ್ನು ಸವರಿದರು. “ಇಷ್ಟೆಲ್ಲ ಒಬ್ಬನೇ ಹೊತ್ಕೊಂಡಿದೀಯಲ್ಲಪ್ಪಾ, ಈ ವಯಸ್ಸಲ್ಲಿ.”

ಯಾರ ಸಹಾಯವೂ ಇಲ್ಲದೆ ಬರೆದದ್ದನ್ನು ಒಬ್ಬ ರಸಿಕರು ಗುರುತಿಸಿದರಲ್ಲ ಎಂದು ನನ್ನ ಕಣ್ಣೂ ಒದ್ದೆಯಾಯಿತು. ನನ್ನ ಕಣ್ಣು ಒದ್ದೆಯಾದದ್ದನ್ನು ನೋಡಿ ಅವರು ತಮ್ಮ ಕಣ್ಣು ಒರೆಸಿಕೊಂಡರು. ವ್ಯಾಪಾರಕ್ಕೆ ಇದೇ ಸುಮುಹೂರ್ತ ಎಂದು ಮಾವ ಹೆಗಲಿನಿಂದ ಟವಲು ತೆಗೆದ.

ಈ ಟವಲಿನ ವಿಚಾರ ಸ್ವಲ್ಪ ಹೇಳಬೇಕು. ಗೂಡಿನ ವ್ಯಾಪಾರದಲ್ಲೂ ದನದ ವ್ಯಾಪಾರದಲ್ಲೂ ಹಳಬರು ಬೆಲೆಯನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಕೊಡುವವನು, ಕೊಳ್ಳುವವನು ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಟವಲು ಬೀಳುತ್ತದೆ. ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಎರಡು ಗಂಭೀರ ಮುಖ, ಅವುಗಳ ನಡುವೆ ಹಾವು ಹೊಕ್ಕಂತೆ ಅಲುಗಾಡುವ ಬಟ್ಟೆ. ಟವಲು ತೆಗೆದ ಮೇಲೆ ಒಳಗಿನ ಮಾತು ಹೊರಗೆ ಹೇಳಿದವನಿಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ. ಬಹಳ ಗೌರವದ ಪದ್ಧತಿ. ಅದರಲ್ಲಿ ಒಂದೇ ಕೊರತೆ. ಬೆರಳಿಗೆ ಎಷ್ಟು ಎಂದು ಹೇಳಲು ಬರುತ್ತದೆ, ಯಾರು ಯಾರಿಗೆ ಎಂದು ಹೇಳಲು ಬರುವುದಿಲ್ಲ. ದನದ ಸಂತೆಯಲ್ಲಿ ಇದು ತೊಡಕಲ್ಲ, ಹಸುವಿನ ಹಗ್ಗ ಯಾರ ಕೈಯಲ್ಲಿದೆಯೋ ಅವನೇ ಮಾರುವವನು. ಕಥೆಗೆ ಹಗ್ಗವಿರುವುದಿಲ್ಲ.

ಟವಲು ಬಹಳ ಹೊತ್ತು ಅಲುಗಿತು. ಮಾವ ಒಮ್ಮೆ ಹುಬ್ಬು ಗಂಟಿಕ್ಕಿದ. ವೆಂಕಟರೋಣಪ್ಪನವರು ನನ್ನ ಕಡೆ ಕರುಣೆಯಿಂದ ನೋಡಿ ಏನೋ ಒತ್ತಿದರು. ಮಾವನ ಮುಖ ಅರಳಿತು. ಟವಲು ಎದ್ದಿತು. ಇಬ್ಬರೂ ನಕ್ಕರು. ಕಾಫಿ ಬಂತು.

ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಕೇಳಿದೆ: “ಎಷ್ಟಕ್ಕೆ ಆಯ್ತು ಮಾವ?”

“ಮುಚ್ಚೋ ಬಾಯಿ. ಟವಲ್ ಒಳಗಿಂದು ನಡುರಸ್ತೇಲಿ ಕೇಳ್ತಾನೆ. ಚೆನ್ನಾಗೇ ಆಯ್ತು, ಅಷ್ಟು ತಿಳ್ಕೋ.”

ಅಲ್ಲಿಂದ ಕೆಲವು ವಾರ ನಾನು ಮೇಲೂರಿನಲ್ಲಿ ಕಥೆ ಮಾರಿದವನ ನಡಿಗೆ ನಡೆದೆ. ದುಡ್ಡು ಬರಲಿಲ್ಲ, ಮದರಾಸಿನಿಂದ ಕರೆಯೂ ಬರಲಿಲ್ಲ. ಕೇಳಿ ಕಳಿಸೋಣವೆಂದರೆ ಮಾವ, “ಟವಲ್ ಒಳಗೆ ಕೈ ಕೊಟ್ಟೋರನ್ನ ಜ್ಞಾಪಿಸೋದು ಅವಮಾನ” ಎನ್ನುತ್ತಿದ್ದ. ಅಪ್ಪ ಪಂಚಾಂಗವನ್ನು ಜಗಲಿಯ ಮೇಲೆ, ನನ್ನ ಕಣ್ಣಿಗೆ ಬೀಳುವ ಕಡೆ ಇಡುತ್ತಿದ್ದರು.

ಯುಗಾದಿ ಇನ್ನೇನು ಬಂತು ಎನ್ನುವಾಗ ಒಂದು ಬೆಳಗ್ಗೆ ವೆಂಕಟರೋಣಪ್ಪನವರೇ ಬಸ್ಸಿಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಚೀಲ ಕಿತ್ತಲೆ ಹಣ್ಣು. ಜಗಲಿ ಮೇಲಿದ್ದ ಅಪ್ಪನಿಗೆ ಕೈ ಮುಗಿದು, ದನಿ ತಗ್ಗಿಸಿ ಕೇಳಿದರು:

“ಕಮಲಿ ಹೇಗಿದ್ದಾಳೆ?”

ಅಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು. “ಯಾರೋ ಕಮಲಿ?”

ಒಳಗೆ ಅಮ್ಮ ಬೀಸುತ್ತಿದ್ದ ಕಲ್ಲು ನಿಂತಿತು. ಮದುವೆಯಾಗದ ಮಗನಿರುವ ಮನೆಯಲ್ಲಿ ಬೀಸುವ ಕಲ್ಲು ಹಾಗೆ ನಿಲ್ಲಬಾರದು.

“ನಿಮ್ಮ ಸಂಕಟ ಗೊತ್ತು ಯಜಮಾನ್ರೇ” ಎಂದು ವೆಂಕಟರೋಣಪ್ಪನವರು ಮುಂದುವರಿದರು. “ಹುಡುಗನ್ನ ನಂಬ್ಕೊಂಡ ಹುಡುಗಿಗೆ ಅಂಥ ಕಾಯಿಲೆ ಇರುವಾಗ ದುಡ್ಡು ಹೊಂದಿಸೋದು ಹುಡುಗಾಟ ಅಲ್ಲ. ಅದಕ್ಕೇ ನಾನು ಅವಸರ ಮಾಡ್ಲಿಲ್ಲ. ಸಿನಿಮಾದಲ್ಲಿ ಇವನಿಗೊಂದು ದಾರಿ ಆಗ್ಲಿ ಅಂದ್ರಲ್ಲ, ಹುಡುಗನ ಮುಖ ನೋಡಿ ನನ್ನ ಟೆಂಟಲ್ಲಿ ಒಂದು ಪಾಲು ಕಮ್ಮಿಗೇ ಕೊಡಕ್ಕೆ ಒಪ್ಕೊಂಡಿದೀನಿ. ನಿಧಾನವಾಗಿ ಕೊಡಿ.”

ಹಿತ್ತಲಲ್ಲಿ ಹೊಸ ಬೆಳೆಯ ಗೂಡು ನೋಡುತ್ತಿದ್ದ ಪಿಳ್ಳಪ್ಪ ಮಾವ ಈ ದನಿ ಕೇಳಿ ಓಡಿ ಬಂದ. “ಕೊಡೋದು ಯಾರು? ನೀವಲ್ವಾ?”

“ನಾನಾ? ಪಾಲು ನಂದು, ಕೊಳ್ಳೋರು ನೀವು.”

“ಕಥೆ ನಮ್ದು, ಕೊಳ್ಳೋರು ನೀವು.”

“ಕಥೆ ಅಂದ್ರೆ?”

“ಕಥೆ ಅಂದ್ರೆ ಕಥೆ. ಇವನು ಬರೆದಿದ್ದು. ಕಮಲಿ ಕಥೆ.”

ವೆಂಕಟರೋಣಪ್ಪನವರು ನನ್ನನ್ನೇ ನೋಡಿದರು. “ಹುಡುಗಿ ಇಲ್ವಾ?”

“ಇಲ್ಲ ಯಜಮಾನ್ರೇ.”

“ಕೆಮ್ಮು?”

“ಅದೂ ಇಲ್ಲ.”

ಅವರು ಜಗಲಿಯ ಅಂಚಿನಲ್ಲಿ ಕೂತರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೊನೆಗೆ ಯಾರಿಗೆಂದಿಲ್ಲದೆ ಅಂದರು: “ದಿನಾ ದೀಪ ಹಚ್ಚುವಾಗ ಆ ಮಗು ಹೆಸರು ಹೇಳ್ತಾ ಇದ್ದೆನಲ್ಲಪ್ಪಾ.”

ಆಗ ನನಗೆ ಬಂದ ಅನುಮಾನ ಇವತ್ತಿನವರೆಗೂ ಹೋಗಿಲ್ಲ. ನನಗೆ ಸಂತೋಷವಾಗಬೇಕೋ, ನಾಚಿಕೆಯಾಗಬೇಕೋ? ಒಬ್ಬ ಲೇಖಕನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಸಿಕ್ಕೀತೇ? ಇದಕ್ಕಿಂತ ದೊಡ್ಡ ಫಜೀತಿ ಆದೀತೇ? ಎರಡೂ ಒಂದೇ ಜಗಲಿಯ ಮೇಲೆ ಒಂದೇ ಬೆಳಗ್ಗೆ ಬಂದು ಕೂತರೆ ಮನುಷ್ಯ ಯಾವುದಕ್ಕೆ ಮಣೆ ಹಾಕಬೇಕು?

ವೆಂಕಟರೋಣಪ್ಪನವರು ಎದ್ದು ಮಾವನ ಕಡೆ ಕೈ ಚಾಚಿದರು. “ಬಾ ಪಿಳ್ಳಪ್ಪ. ಟವಲ್ ಹಾಕು.”

ಎರಡನೆಯ ಸಲ ಟವಲು ಬಿತ್ತು. ಈ ಸಲ ಅಪ್ಪ, ನಾನು, ಬಾಗಿಲ ಹಿಂದಿನ ಅಮ್ಮ, ಎಲ್ಲರೂ ಅದನ್ನೇ ನೋಡಿದೆವು. ಟವಲು ಹೆಚ್ಚು ಅಲುಗಲೇ ಇಲ್ಲ. ತೆಗೆದಾಗ ಇಬ್ಬರ ಮುಖವೂ ಪೂಜೆ ಮುಗಿಸಿದವರ ಮುಖದಂತಿತ್ತು. ವೆಂಕಟರೋಣಪ್ಪನವರು ನನ್ನಿಂದ ಚಿತ್ರಕಥೆ ಕೇಳಿ ತೆಗೆದುಕೊಂಡು ಬಗಲಲ್ಲಿಟ್ಟುಕೊಂಡರು. ಕಿತ್ತಲೆಯ ಚೀಲವನ್ನು ಅಪ್ಪನ ಮುಂದಿಟ್ಟು, “ತಿನ್ನಿ. ಯಾರಾದ್ರೂ ಒಬ್ಬರು ತಿನ್ಬೇಕಲ್ಲ” ಎಂದು ಹೇಳಿ ಬಸ್ಸಿಗೆ ಹೊರಟರು.

ಅಪ್ಪ ಕೇಳಿದರು: “ಪಿಳ್ಳಪ್ಪ, ಮಾರಾಟ ಆಯ್ತೋ ಇಲ್ವೋ?”

“ಆಯ್ತು ಭಾವ.”

“ಯಾರು ಯಾರಿಗೆ ಕೊಡ್ಬೇಕು?”

“ಟವಲ್ ಒಳಗಿಂದು ಭಾವ.”

ಅಪ್ಪ ಒಂದು ಹಣ್ಣು ಸುಲಿಯುತ್ತಾ ಯೋಚಿಸಿದರು. “ಸರಿ. ನಾನಂದಿದ್ದು ಒಬ್ಬನಾದ್ರೂ ಕೊಂಡ್ಕೊಳ್ಲಿ ಅಂತ. ಕೊಂಡ್ಕೊಂಡ. ಇನ್ನು ನಾನು ಬಾಯಿ ಬಿಡಲ್ಲ.” ಬಿಡಲೂ ಇಲ್ಲ. ಯುಗಾದಿ ಬಂತು, ಬೇವು ಬೆಲ್ಲ ತಿಂದೆವು, ಟ್ರೈನಿಂಗಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನು ಸ್ವತಂತ್ರನಾದೆ.

ಸ್ವಾತಂತ್ರ್ಯ ಬಂದ ಮೇಲೆ ಏನು ಮಾಡಬೇಕೆಂಬುದು ದೊಡ್ಡ ದೊಡ್ಡ ದೇಶಗಳಿಗೇ ತಿಳಿಯದ ಪ್ರಶ್ನೆ. ಮದರಾಸಿಗೆ ಹೋಗೋಣವೆಂದರೆ ಕೈಯಲ್ಲಿ ಕಥೆಯಿಲ್ಲ. ಇನ್ನೊಂದು ಬರೆಯೋಣವೆಂದರೆ ಪೆನ್ನು ಹಿಡಿದ ಕೂಡಲೇ ಆ ಮನುಷ್ಯ ದೀಪ ಹಚ್ಚುತ್ತಾ ಹೆಸರು ಹೇಳುವುದು ಕಣ್ಣ ಮುಂದೆ ಬರುತ್ತಿತ್ತು. ಮಳೆಗಾಲದ ಹೊತ್ತಿಗೆ ನಾನೇ ಅಪ್ಪನ ಹತ್ತಿರ ಹೋಗಿ, ಟ್ರೈನಿಂಗಿಗೆ ಅರ್ಜಿ ಹಾಕುತ್ತೇನೆ ಅಂದೆ. ಬಾಯಿ ಬಿಡುವುದಿಲ್ಲವೆಂದಿದ್ದ ಅಪ್ಪ ಬರೀ ತಲೆ ಆಡಿಸಿದರು. ಮೇಷ್ಟ್ರಾದೆ. ಗೌರಿಬಿದನೂರಿಗೆ ಹಾಕಿದರು.

ಅಲ್ಲಿಗೆ ಹೋದ ಎರಡನೆಯ ಬೇಸಗೆಯಲ್ಲಿ ವೆಂಕಟರೋಣಪ್ಪನವರ ಟೆಂಟು ಗೌರಿಬಿದನೂರಿಗೆ ಬಂತು. ಸಂಜೆಯ ಆಟಕ್ಕೆ ಹೋಗಿ ಗಂಡಸರ ಕಡೆ ನೆಲದಲ್ಲಿ ಕೂತೆ. ಕತ್ತಿ ವರಸೆಯ ಚಿತ್ರ. ಅವರ ಹತ್ತಿರ ಇದ್ದುದು ಒಂದೇ ಪ್ರೊಜೆಕ್ಟರು, ಹಾಗಾಗಿ ಒಂದು ರೀಲು ಮುಗಿದು ಇನ್ನೊಂದು ಹಾಕುವವರೆಗೆ ಟೆಂಟೆಲ್ಲ ಕತ್ತಲು. ಮಾಮೂಲಾಗಿ ಆಗ ಜನ ಸಿಳ್ಳು ಹೊಡೆಯುತ್ತಾರೆ. ಇಲ್ಲಿ ಯಾರೂ ಹೊಡೆಯಲಿಲ್ಲ. ಕತ್ತಲಲ್ಲಿ ಮೈಕು ಕೆಮ್ಮಿತು. ಆಮೇಲೆ ವೆಂಕಟರೋಣಪ್ಪನವರ ದನಿ: “ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವಪ್ಪಾ? ಆ… ಕಮಲಿ ಕಂದೀಲಿಗೆ ಎಣ್ಣೆ ಹಾಕಿದಳು.”

ನಾನು ದನಿ ಬಂದ ಕಡೆ ತಿರುಗಿದೆ. ಪಕ್ಕದಲ್ಲಿದ್ದ ರೈತನೊಬ್ಬ ನನ್ನ ಮೊಣಕೈ ಮುಟ್ಟಿ ಹೇಳಿದ: “ಈ ಫಿಲಂ ಆಗ್ಲೇ ನೋಡಿದೀನಿ ಮೇಷ್ಟ್ರೇ. ಇವತ್ತು ಆ ಹುಡುಗಿಗೇನಾಯ್ತದೆ ಅಂತ ಬಂದೆ.” ಅಷ್ಟರಲ್ಲಿ ರೀಲು ತಿರುಗಿತು, ಪರದೆಯ ಮೇಲೆ ರಾಜಕುಮಾರನೊಬ್ಬ ಕುದುರೆ ಹತ್ತಿದ. ರೈತ ಬೀಡಿ ಹಚ್ಚಿಕೊಂಡು, ಅದು ಮುಗಿಯಲೆಂದು ಕಾಯತೊಡಗಿದ.

ಕೊನೆಯ ರೀಲಿಗೆ ಮುಂಚೆ ಅವರು ಕಥೆ ಮುಗಿಸಿದರು. ಕಂದೀಲು ಆರಲಿಲ್ಲ. ತರುಣ ಬರಲೂ ಇಲ್ಲ. ಕಮಲಿಗೆ ಕೆಮ್ಮು ವಾಸಿಯಾಯಿತು. ಒಂದು ಸಂಜೆ ಅವಳೇ ಕಂದೀಲನ್ನು ಅಪ್ಪನ ಕೈಗೆ ಕೊಟ್ಟು ರೈಲು ಹತ್ತಿ ಹೋದಳು.

ಆಟ ಬಿಟ್ಟ ಮೇಲೆ ಹೋಗಿ ನಿಂತೆ. ಗುರುತು ಹಿಡಿದರು.

“ಯಜಮಾನ್ರೇ, ನಾನು ಬರೆದಿದ್ದರಲ್ಲಿ ಅವಳು ಸಾಯ್ತಾಳಲ್ಲ.”

“ನೀನು ಸಾಯಿಸ್ತೀಯಪ್ಪಾ, ನಿನಗೇನು. ನಾನು ಆ ಮಗುಗೆ ಹಣ್ಣು ತಗೊಂಡು ಬಂದೋನು.”

“ಅದಿರ್ಲಿ, ಅವತ್ತು ಕಥೆ ಕೊಂಡ್ಕೊಂಡಿದ್ದು ಹೌದಾ?”

“ನಿಮ್ಮ ಮಾವನ್ನ ಅಡುಗು” ಎಂದು ತೆಲುಗು ಬೆರೆಸಿ, ದೀಪ ಆರಿಸಲು ಎದ್ದರು. ಮಾವನನ್ನು ಕೇಳಿದೆ. ಅವರನ್ನೇ ಕೇಳು ಅಂದ. ಇಬ್ಬರೂ ಈಗ ಇಲ್ಲ. ಅಷ್ಟು ಮರ್ಯಾದೆಯಾಗಿ ಮಾಡಿದ ವ್ಯಾಪಾರದ ಗುಟ್ಟನ್ನು ಅಷ್ಟೇ ಮರ್ಯಾದೆಯಾಗಿ ತೆಗೆದುಕೊಂಡು ಹೋದರು.

ಹೋದ ವಾರ ಆ ಬಸ್ಸಿಳಿದು ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಮದುವೆಗೆ ಮುಂಚಿನ ಸೋಲುಗಳನ್ನು ಹೆಂಡತಿಗೆ ಹೇಳುವ ಪದ್ಧತಿ ನಮ್ಮ ಕಾಲದ ಮೇಷ್ಟ್ರುಗಳಲ್ಲಿ ಇರಲಿಲ್ಲವಾದ್ದರಿಂದ ಇಷ್ಟು ವರ್ಷ ಹೇಳಿರಲಿಲ್ಲ. ಅವಳು ಗೌರಿಬಿದನೂರಿನವಳು. ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದವಳು ಕಮಲಿಯ ಹೆಸರು ಬಂದಾಗ ಕೈ ನಿಲ್ಲಿಸಿದಳು.

“ಅದು ಸಿನಿಮಾ ಅಲ್ವೇನ್ರೀ? ನಾನು ನೋಡಿದೀನಿ. ನಮ್ಮಮ್ಮನ ಜೊತೆ ಹೆಂಗಸರ ಕಡೆ ಕೂತ್ಕೊಂಡು.”

“ಅದು ಸಿನಿಮಾ ಆಗಲೇ ಇಲ್ಲ ಕಣೇ. ಕತ್ತಲಲ್ಲಿ ಬಾಯಲ್ಲಿ ಹೇಳಿದ್ದು.”

“ನೀವು ಹೇಳಿದ್ರೆ ಆಯ್ತಾ? ಕೆಂಪು ಸೀರೆ ಉಟ್ಟಿದ್ಲು. ರೈಲು ಹತ್ತುವಾಗ ಒಂದ್ಸಲ ತಿರುಗಿ ನೋಡ್ತಾಳೆ, ಕಣ್ಣಿಗೆ ಕಟ್ಟಿದ ಹಾಗಿದೆ ನಂಗೆ.”

ನಾನು ಸೀರೆಯ ಬಣ್ಣ ಬರೆದಿರಲಿಲ್ಲ. ಆ ಟೆಂಟಿನಲ್ಲಿ ಆಗ ಬಣ್ಣದ ಚಿತ್ರವೂ ಬರುತ್ತಿರಲಿಲ್ಲ. ಇದನ್ನು ಹೇಳಲು ಬಾಯಿ ತೆರೆದವನು ಯಾಕೋ ಮುಚ್ಚಿದೆ. ಬದಲಿಗೆ ಕೇಳಿದೆ:

“ಚೆನ್ನಾಗಿತ್ತಾ?”

“ಚೆನ್ನಾಗಿತ್ತು” ಎಂದು ಅವಳು ಮತ್ತೆ ಕಾಯಿಗೆ ಕೈ ಹಾಕಿದಳು. “ಆದ್ರೆ ಮಧ್ಯೆ ಮಧ್ಯೆ ಯಾರೋ ಸುಮ್ಸುಮ್ನೆ ಕತ್ತಿ ಹಿಡ್ಕೊಂಡು ಹೊಡೆದಾಡ್ತಿದ್ರು. ಅದೊಂದು ಯಾಕೆ ಇಟ್ಟಿದ್ರಿ ಅಂತ ಗೊತ್ತಾಗ್ಲಿಲ್ಲ.”